ಪಾಮ್ ಕೈಗಣಕದಲ್ಲಿ ಲೈನ್ ಆರ್ಡರ್: ನನ್ನ ಅನುಭವ

ವಿತರಕರ ಸೇಲ್ಸ್‌ಮನ್ ದಾರಿಯುದ್ದದ ಅಂಗಡಿಗಳಿಗೆ ಹೋಗಿ ಆರ್ಡರ್ ಹಿಡಿಯುವುದೇ ಲೈನ್ ಸೇಲ್. ಅದರ ಆರ್ಡರ್ ಪುಸ್ತಕವನ್ನು ಪಾಮ್ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಹಾಕುತ್ತೇನೆ ಎಂದು 2001ರ ಸುಮಾರಿಗೆ ಹೇಳಿದಾಗ ನಗದವರು ಕಡಿಮೆ. ಮಂಗಳೂರಲ್ಲಿ ಕಂಪ್ಯೂಟರ್ ಮಾರುತ್ತಿದ್ದ ಗೆಳೆಯ ಅದನ್ನು ಆಟಿಕೆ ಎಂದ. ಬೆಂಗಳೂರಿನ ಇನ್ನೊಬ್ಬ, "ಸಿಂಪ್ಯೂಟರ್ ಬರ್ತಾ ಉಂಟು, ಕನ್ನಡದಲ್ಲೇ ಮಾತಾಡ್ತದಂತೆ, ಸುಮ್ನೆ ಕಾಯಿ ಮಾರಾಯ" ಎಂದ. ನಮ್ಮ ದೇಶದಲ್ಲೇ ರೂಪಿಸಿದ ಕೈಗಣಕವಾದ ಆ ಸಿಂಪ್ಯೂಟರ್ ಅಮಿಡಾ ಎಂಬ ಹೆಸರಲ್ಲಿ ಅಂಗಡಿಗೆ ಬಂದದ್ದು 2004ರಲ್ಲಿ. ಅಷ್ಟರೊಳಗೆ ಕಾಸರಗೋಡು ಜಿಲ್ಲೆಯ ಕುಂಬಳೆಯ ನನ್ನ ಗಿರಾಕಿಯ ನಾಲ್ಕು ಲೈನು ಪಾಮ್‌ನಲ್ಲಿ ಓಡಲು ಶುರುವಾಗಿ ಎರಡು ಮಳೆಗಾಲ ಕಳೆದಿತ್ತು. ಹಾಟ್‌ಸಿಂಕ್ ಅಥವಾ ಸಿಂಕ್ ಎಂದರೆ ಪಾಮ್ ಮತ್ತು ಕಂಪ್ಯೂಟರಿನ ಮಾಹಿತಿಯನ್ನು ಒಂದಕ್ಕೊಂದು ಸರಿಹೊಂದಿಸುವುದು, ಪಿಡಿಬಿ ಎಂದರೆ ಪಾಮ್‌ನ ಮಾಹಿತಿ ಕಡತ; ಇದಕ್ಕಿಂತ ಜಾಸ್ತಿ ಹೇಳಲು ಹೋಗುವುದಿಲ್ಲ. ಆಗ ಈ ಕೆಲಸ ಮಾಡಿದವರಿಗೆ ಅದೆಲ್ಲ ಗೊತ್ತಿದ್ದದ್ದೇ.

ಮೊದಲು ಯಂತ್ರದ ವಿಷಯ. ಕುಂಬಳೆಯ ಆ ಗಿರಾಕಿ ಬಿಸ್ಕತ್ತು, ಸೋಪು, ಚಹಾಪುಡಿ ಮಾರುವ ವಿತರಕರು. ಆ ಧಣಿಗಳಿಗೆ ಇಷ್ಟವಾದದ್ದು ಬಣ್ಣದ ಪಾಕೆಟ್ ಪಿಸಿ, ಅಂದರೆ ವಿಂಡೋಸ್ ಇರುವ ಕೈಗಣಕ. ಒಂದನ್ನು ಸಾಲ ತಂದು ಲೈನಿಗೆ ಕಳಿಸಿ ನೋಡಿದೆ. ಪರದೆಯ ಬೆಳಕು ಹಾಕಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೇ ಚಾರ್ಜ್ ಕೇಳುತ್ತಿತ್ತು. ಮುಳ್ಳೇರಿಯದ ಹೋಟೆಲಿನಲ್ಲಿ ಪ್ಲಗ್ ಪಾಯಿಂಟ್ ಹುಡುಕುತ್ತಾ ಕೂತರೆ ಲೈನು ಮುಗಿಯುವುದು ಯಾವಾಗ? ಆ ಒಂದರ ದುಡ್ಡಿಗೆ ಹಳೆಯ ಪಾಮ್ ತ್ರೀ ಎಕ್ಸ್‌ಇ ನಾಲ್ಕೈದು ಬರುತ್ತಿತ್ತು. ನಮ್ಮೂರಿನವರು ಅರ್ಧ ಜನ ಗಲ್ಫಿನಲ್ಲೇ ಇರುವುದಲ್ವಾ, ರಜೆಗೆ ಬರುವವರ ಕೈಯಲ್ಲಿ ದುಬೈಯಿಂದ ತರಿಸಿದೆವು. ಒಂದಕ್ಕೆ ಐದೂವರೆ ಆರು ಸಾವಿರ ಬಿದ್ದಿರಬೇಕು. ಕಪ್ಪುಬಿಳುಪು ಪರದೆ, 8 ಎಂಬಿ ನೆನಪು, ಎರಡು ಟ್ರಿಪಲ್ ಎ ಸೆಲ್. ಸೆಲ್ಲು ಬದಿಯಡ್ಕದಲ್ಲೂ ಸಿಗುತ್ತದೆ, ಪೆರ್ಲದಲ್ಲೂ ಸಿಗುತ್ತದೆ. ನಾನು ಯಂತ್ರ ಆರಿಸಿದ್ದು ಇದೊಂದೇ ಕಾರಣಕ್ಕೆ ಎಂದರೂ ತಪ್ಪಿಲ್ಲ.

ಇನ್ನು ಸಾಫ್ಟ್‌ವೇರ್. ಫಾರ್ಮ್ ಎಳೆದು ಕೂರಿಸುವ ಒಂದು ರೆಡಿಮೇಡ್ ಸಾಧನದಲ್ಲಿ ಮೊದಲು ಕೈಯಾಡಿಸಿದೆ. ಚಂದ ಇತ್ತು. ಆದರೆ ಯಂತ್ರಕ್ಕೊಂದು ಲೈಸೆನ್ಸ್, ಅದೂ ಡಾಲರಿನಲ್ಲಿ. ಮೇಲಾಗಿ ನಾನೂರು ಐಟಂ ಹಾಕಿದ ಮೇಲೆ ಪಟ್ಟಿ ತೆವಳಲು ಶುರುಮಾಡಿತು. 16 ಮೆಗಾಹರ್ಟ್ಸ್ ಡ್ರ್ಯಾಗನ್‌ಬಾಲ್ ಪ್ರೊಸೆಸರ್ ಪಾಪ ಎಷ್ಟು ಹೊರುತ್ತದೆ? ಆಮೇಲೆ ಒಂದು ಡೇಟಾಬೇಸ್ ಪ್ರೋಗ್ರಾಂ. ಅದರಲ್ಲಿ ಗ್ರಾಫಿಟಿಯಲ್ಲಿ, ಅಂದರೆ ಪರದೆಯ ಕೆಳಗಿನ ಜಾಗದಲ್ಲಿ ಕಡ್ಡಿಯಿಂದ ಗೀಚಿ, ಬರೆಯಬೇಕಿತ್ತು. ಸೇಲ್ಸ್‌ಮನ್ ಅಂಗಡಿಯ ಮೆಟ್ಟಿಲಲ್ಲಿ ನಿಂತು ನಾಲ್ಕು ಬರೆದರೆ ಅದು ಒಂಬತ್ತು ಎಂದು ಓದಿಕೊಂಡ ದಿನ ಧಣಿಗಳು ನನ್ನನ್ನು ಫೋನಿನಲ್ಲೇ ಬೈದರು. ನಾಲ್ಕು ಪೆಟ್ಟಿಗೆ ಸೋಪು ಬೇಕಾದಲ್ಲಿ ಒಂಬತ್ತು ಹೋಗಿ ಇಳಿದಿತ್ತು.

ಕಡೆಗೆ ಸಿ ಭಾಷೆಯಲ್ಲೇ ಬರೆದೆ. ಪಾಮ್‌ಗೆ ಪ್ರೋಗ್ರಾಂ ಕಟ್ಟುವ ಸಾಧನಗಳಾದ ಪಿಆರ್‌ಸಿ ಟೂಲ್ಸ್, ಪಿಲ್‌ಆರ್‌ಸಿ, ಎರಡಕ್ಕೂ ದುಡ್ಡಿಲ್ಲ. ಕಂಪ್ಯೂಟರಿನಲ್ಲೇ ಪಾಮ್‌ನಂತೆ ವರ್ತಿಸುವ ಪೋಸ್ ಎಮ್ಯುಲೇಟರ್ ಇಟ್ಟುಕೊಂಡು ರಾತ್ರಿಯಿಡೀ ಅದರ ಗ್ರೆಮ್ಲಿನ್ ಎಂಬ ಪರೀಕ್ಷೆ ಓಡಿಸುತ್ತಿದ್ದೆ. ಅದು ಸಿಕ್ಕಸಿಕ್ಕಲ್ಲಿ ಒತ್ತಿ ಪ್ರೋಗ್ರಾಂ ಬೀಳಿಸುತ್ತದೆ. ನಮ್ಮ ಸೇಲ್ಸ್‌ಮನ್‌ಗಳ ಕೈಗೆ ಹೋಗುವ ಪ್ರೋಗ್ರಾಂಗೆ ಅದಕ್ಕಿಂತ ಒಳ್ಳೆಯ ತಾಲೀಮು ಇಲ್ಲ. ಕೋಡು 32 ಕೆಬಿ ದಾಟಿದ ಕೂಡಲೇ ಅದನ್ನು ಜೋಡಿಸುವ ಲಿಂಕರ್ ತಕರಾರು ತೆಗೆಯುತ್ತದೆ. ಕೋಡನ್ನು ಸೆಕ್ಷನ್ ಮಾಡಿ ಒಡೆಯಬಹುದಿತ್ತು. ನಾನು ಫೀಚರ್ ಕಿತ್ತೆ. ಸ್ಟಾಕ್ ರಿಪೋರ್ಟ್ ಹೋಯಿತು, ರಿಯಾಯಿತಿ ಸ್ಕೀಮ್‌ಗಳ ಲೆಕ್ಕ ಹೋಯಿತು, ಬಿಲ್ಲಂತೂ ಮೊದಲೇ ಹೋಗಿತ್ತು. ಆರ್ಡರ್, ಬಾಕಿ, ವಸೂಲಿ, ಮೂರೇ ಉಳಿದವು. ಹಣವೆಲ್ಲ ಪೈಸೆಯಲ್ಲಿ, 32 ಬಿಟ್ ಪೂರ್ಣಾಂಕ. ಎರಡು ಕೋಟಿ ಚಿಲ್ಲರೆ ರೂಪಾಯಿವರೆಗೆ ಅದರಲ್ಲಿ ಹಿಡಿಯುತ್ತದೆ. ಕುಂಬಳೆಗೆ ಅಷ್ಟು ಸಾಕು.

ಪರದೆ 160ಕ್ಕೆ 160 ಚುಕ್ಕಿ. ಅಕ್ಷರಮಾಲೆ ಕ್ರಮದಲ್ಲಿ ಅಂಗಡಿ ಹುಡುಕಿಸುವುದನ್ನು ಬಿಟ್ಟುಬಿಟ್ಟೆ. ಒಂದೇ ಲೈನಿನಲ್ಲಿ ಮಹಾಲಕ್ಷ್ಮಿ ಸ್ಟೋರ್ಸ್ ಮೂರಿದ್ದರೆ ಏನು ಮಾಡುತ್ತೀರಿ? ರಸ್ತೆ ಹೋದ ಹಾಗೆ ಪಟ್ಟಿ: ಕುಂಬಳೆ ದಾಟಿ ಸೀತಾಂಗೋಳಿ, ನೀರ್ಚಾಲು, ಬದಿಯಡ್ಕ, ಮುಳ್ಳೇರಿಯ. ಈ ಅಂಗಡಿ ಮುಗಿಸಿ 'ಮುಂದೆ' ಒತ್ತಿದರೆ ಪಕ್ಕದ ಅಂಗಡಿಯೇ ಬರುತ್ತದೆ. ಐಟಂ ಮುಟ್ಟಿದರೆ ಕೆಳಗೆ 1, 2, 3, 6, 12 ಎಂಬ ಗುಂಡಿಗಳು, ಮೇಲೆ ಹೋದ ಸಲ ಕೊಂಡ ಲೆಕ್ಕ. ಎರಡು ಸಲ ಒತ್ತಿದರೆ ಒಂದು ಐಟಂ ಮುಗಿಯಿತು. ಗ್ರಾಫಿಟಿ ಬೇಡವೇ ಬೇಡ. ಆ ಜಾಗಕ್ಕೆ ಸೆಲ್ಲೋ ಟೇಪ್ ಅಂಟಿಸಿ ಮುಚ್ಚಿಬಿಟ್ಟೆ. ಯಾವ ಅಂಗಡಿಗೆ ಯಾವ ಇಪ್ಪತ್ತು ಐಟಂ ಮೊದಲು ತೋರಿಸಬೇಕು ಎಂದು ಪ್ರೋಗ್ರಾಂ ತಾನೇ ಆರಿಸುತ್ತಿತ್ತು. ಅದರ ಲೆಕ್ಕಾಚಾರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಬಂಡವಾಳ.

ಆಫೀಸಿನ ಬಿಲ್ಲಿಂಗ್ ಫಾಕ್ಸ್‌ಪ್ರೊ ಎಂಬ ಡೇಟಾಬೇಸಿನಲ್ಲಿತ್ತು. ಪಾಮ್ ಮಾಹಿತಿಯನ್ನು ಸಿಂಕ್ ಹೊತ್ತಿಗೆ ಅಲ್ಲಿಗೆ ದಾಟಿಸುವ ಕಾಂಡ್ಯುಟ್ ಪ್ರೋಗ್ರಾಂ ಬರೆಯಲು ಕೂತವನು ಒಂದು ವಾರದಲ್ಲಿ ಕೈಬಿಟ್ಟೆ. ಅದರ ಅಗತ್ಯವೂ ಇಲ್ಲ. ಪಿಡಿಬಿಗೆ ಬ್ಯಾಕಪ್ ಬಿಟ್ ಎಂಬ ಗುರುತು ಹಾಕಿಟ್ಟರೆ ಸಿಂಕ್ ಆದಾಗ ಅದು ಬ್ಯಾಕಪ್ ಫೋಲ್ಡರಿಗೆ ತಾನಾಗಿ ಬಂದು ಬೀಳುತ್ತದೆ. ಅಲ್ಲಿಂದ ಫಾಕ್ಸ್‌ಪ್ರೊದ್ದೇ ಆದ, ಕಡತ ತೆರೆದು ಓದುವ ಎಫ್‌ಓಪನ್, ಎಫ್‌ರೀಡ್‌ನಲ್ಲೇ ಓದಿದೆ. ಪಿಡಿಬಿಯ ತಲೆಭಾಗ 78 ಬೈಟ್, ಆಮೇಲೆ ರೆಕಾರ್ಡಿಗೆ ಎಂಟೆಂಟು ಬೈಟಿನ ಪಟ್ಟಿ, ಅಂಕೆಗಳಲ್ಲಿ ದೊಡ್ಡ ಬೈಟ್ ಮೊದಲು, ತಾರೀಖು 1904ರಿಂದ ಎಣಿಕೆ. ಇಷ್ಟು ಗೊತ್ತಿದ್ದರೆ ಸಾಕು. ಬೆಳಗ್ಗೆ ಹೊಸ ಬಾಕಿಪಟ್ಟಿ ವಾಪಸ್ ಪಾಮ್‌ಗೆ ಹೋಗುವಂತೆ ಗುಮಾಸ್ತರ ಕೈ ತಾಗದೆ ಹೇಗೆ ಮಾಡಿದೆ ಎಂಬುದು ಇನ್ನೊಂದು ಗುಟ್ಟು, ಅದೂ ಇರಲಿ.

ನಷ್ಟ ಆದದ್ದು ಸೆಲ್ಲಿನಿಂದ. ಈ ಯಂತ್ರಗಳಲ್ಲಿ ಎಲ್ಲವೂ ರ‍್ಯಾಮ್‌ನಲ್ಲೇ. ಸೆಲ್ ಬದಲಿಸುವಾಗ ಒಂದು ನಿಮಿಷದ ಹೊತ್ತು ನೆನಪು ಹಿಡಿದಿಡುತ್ತದೆ, ಅಷ್ಟೆ. ದೀಪಾವಳಿಗೆ ರಜೆ ಹಾಕಿದ ಒಬ್ಬ ಸೇಲ್ಸ್‌ಮನ್ ಸಿಂಕ್ ಮಾಡದೆ ಯಂತ್ರವನ್ನು ಚೀಲದಲ್ಲೇ ಇಟ್ಟು ಹೋದ. ಸೆಲ್ಲು ಮೊದಲೇ ಕಡೆಗಾಲದಲ್ಲಿತ್ತು. ಬಂದು ನೋಡುವಾಗ ಪರದೆ ಖಾಲಿ, ಪೆರ್ಲ ಲೈನಿನ ಆರ್ಡರೂ ಇಲ್ಲ ವಸೂಲಿಯೂ ಇಲ್ಲ. ವಸೂಲಿಯ ನೋಟುಗಳು ಕೈಯಲ್ಲಿದ್ದವು, ಯಾರ್ಯಾರದ್ದು ಎಂದು ಗೊತ್ತಿಲ್ಲ. ಅಂಗಡಿ ಅಂಗಡಿಗೆ ಹೋಗಿ ಕೇಳಿದ ಮೇಲೂ ಸಾವಿರದಷ್ಟು ತಾಳೆಯಾಗಲಿಲ್ಲ, ಧಣಿಗಳು ಅದನ್ನು ನನ್ನ ಕಂತಿನಲ್ಲಿ ಮುರಿದುಕೊಂಡರು. ಆಮೇಲೆ ಎರಡು ವಾರಕ್ಕೊಮ್ಮೆ ಶನಿವಾರ ಸೆಲ್ ಬದಲಿಸಲೇಬೇಕು ಎಂದು ಕಟ್ಟಳೆ ಮಾಡಿದೆ, ಇನ್ನೂ ಜೀವ ಇದ್ದರೂ ಸರಿ. ತೆಗೆದ ಸೆಲ್ಲು ಗೋಡೆ ಗಡಿಯಾರಕ್ಕೆ, ಟಾರ್ಚಿಗೆ ಹೋಗುತ್ತಿತ್ತು. ಜೊತೆಗೆ ಇನ್ನೊಂದು ಉಪಾಯ. ಮಧ್ಯಾಹ್ನ ಬದಿಯಡ್ಕದಲ್ಲಿ ಎರಡು ಲೈನಿನವರು ಒಂದೇ ಹೋಟೆಲಿನಲ್ಲಿ ಉಣ್ಣುತ್ತಾರೆ. ಮೇಜಿನ ಮೇಲೆ ಎರಡು ಪಾಮ್ ಮುಖಾಮುಖಿ ಇಟ್ಟು ಇನ್‌ಫ್ರಾರೆಡ್‌ನಲ್ಲಿ ಬೆಳಗಿನ ಆರ್ಡರನ್ನು ಪರಸ್ಪರ ಬೀಮ್ ಮಾಡಿಕೊಳ್ಳುವುದು. ಅನ್ನ ಬರುವ ಮೊದಲೇ ಬ್ಯಾಕಪ್ ಮುಗಿದಿರುತ್ತಿತ್ತು. ಈ ಐಡಿಯಾ ಬೇರೆ ಯಾರೂ ಮಾಡಿದ್ದು ನಾನು ಕೇಳಿಲ್ಲ.

ಮಳೆಗೆ ದಪ್ಪ ಪ್ಲಾಸ್ಟಿಕ್ ಚೀಲ. ಆ ಪರದೆಗೆ ಒತ್ತಡ ಸಿಕ್ಕಿದರೆ ಸಾಕು, ಪ್ಲಾಸ್ಟಿಕ್ಕಿನ ಮೇಲಿಂದಲೇ ಕೆಲಸ ಮಾಡುತ್ತದೆ. ಕಡ್ಡಿ ಕಳೆದುಹೋಗುವುದಕ್ಕೆ ಮಾತ್ರ ಔಷಧ ಸಿಗಲಿಲ್ಲ, ನೂಲು ಕಟ್ಟಿದರೆ ನೂಲು ಸಮೇತ ಹೋಗುತ್ತಿತ್ತು.

ವ್ಯಾನಿನಲ್ಲೇ ಬಿಲ್ ಮುದ್ರಿಸುವ ಪ್ರಯತ್ನವನ್ನೂ ಮಾಡಿದೆ. ಇನ್‌ಫ್ರಾರೆಡ್ ಇರುವ ಚಿಕ್ಕ ಥರ್ಮಲ್ ಪ್ರಿಂಟರ್ ಬೆಲೆ ಪಾಮ್‌ಗಿಂತ ಜಾಸ್ತಿ, ಏಪ್ರಿಲ್ ಬಿಸಿಲಿಗೆ ವ್ಯಾನಿನೊಳಗೆ ಇಟ್ಟ ಕಾಗದ ಕಪ್ಪಾಗುತ್ತಿತ್ತು. ಬಿಟ್ಟೆ. ರಾತ್ರಿ ಆಫೀಸಿನ ಡಾಟ್ ಮ್ಯಾಟ್ರಿಕ್ಸಿನಲ್ಲಿ ಬಿಲ್ಲು, ಮರುದಿನ ಸರಕು.

ಧಣಿಗಳಿಗೆ ಅಂಗಡಿ ಹೆಸರು ಕನ್ನಡದಲ್ಲೇ ಬೇಕೆಂಬ ಹಟ ಇತ್ತು. ನನಗೂ ಹುರುಪು. 'ನುಡಿ' ಎಂಬ ಕನ್ನಡ ತಂತ್ರಾಂಶದ ಅಕ್ಷರಭಾಗಗಳೆಲ್ಲ 256ರೊಳಗಿನ ಕೋಡುಗಳೇ, ಹಾಗಾಗಿ ಪಾಮ್‌ನ ಫಾಂಟಿನಲ್ಲಿ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ಒಂದೊಂದೇ ಚುಕ್ಕಿ ಇಟ್ಟು ಬಿಡಿಸಿದೆ. 'ಸ್ಟೋರ್ಸ್' ಎಂದು ಬರೆಯಲು ಸ ಕೆಳಗೆ ಟ ಒತ್ತು ಬೇಕು, ಅದಕ್ಕೆ ಸಾಲಿನ ಎತ್ತರ 11 ಚುಕ್ಕಿ ಸಾಲದು, 18 ಬೇಕು. ಪರದೆಯಲ್ಲಿ ಹಿಡಿಯುವ ಅಂಗಡಿಗಳು ತುಂಬಾ ಕಡಿಮೆಯಾದವು. ಅದನ್ನೂ ಸಹಿಸಬಹುದಿತ್ತು. ಆದರೆ ಉಪ್ಪಳ ಲೈನಿನವನು ಮಲಯಾಳ ಮೀಡಿಯಂನಲ್ಲಿ ಓದಿದವ. "ಅಣ್ಣ, ಇದು ನನಗೆ ಜಿಲೇಬಿ ಕಂಡ ಹಾಗೆ ಕಾಣ್ತದೆ" ಎಂದ. ಕೊನೆಗೆ ಇಂಗ್ಲಿಷ್ ಅಕ್ಷರದ ಮೋಟು ಹೆಸರುಗಳೇ ಗಟ್ಟಿಯಾದವು.

ಅಡಿಕೆ ವ್ಯಾಪಾರಕ್ಕೂ ಇದನ್ನೇ ತಿರುಗಿಸಿ ನೋಡಿದೆ. ಬದಿಯಡ್ಕದ ಒಬ್ಬರು ಖರೀದಿ ಚೀಟಿಗೆ ಮಾಡಿಕೊಡು ಎಂದರು. ಹೊಸತು, ಹಳತು, ಪಟೋರ, ಉಳ್ಳಿ, ಕರಿಗೋಟು, ಕೋಕ, ಅಡಿಕೆಯ ಈ ಎಲ್ಲ ಬಗೆಗೂ ಗುಂಡಿ ಇಟ್ಟೆ. ಒಂದು ವಾರವೂ ನಡೆಯಲಿಲ್ಲ. ಅವರು ಗೋಣಿಗೆ ಕೈ ಹಾಕಿ, ನಾಲ್ಕು ಅಡಿಕೆ ತುಂಡರಿಸಿ ನೋಡಿ, ರೈತನ ಮುಖವನ್ನೂ ನೋಡಿ ದರ ಹೇಳುವವರು. ಆ ದರ ಪರದೆಯ ಮೇಲೆ ಕಾಣುವುದು ಅವರಿಗೆ ಬೇಕಿರಲಿಲ್ಲ, ಪಕ್ಕದಲ್ಲಿ ಇನ್ನೊಬ್ಬ ರೈತ ನಿಂತಿರುತ್ತಾನಲ್ಲ! ಅಲ್ಲಿ ದುಡ್ಡು ಕೇಳಲೂ ಹೋಗಲಿಲ್ಲ.

ಜಾಸ್ತಿ ಕಷ್ಟ ಕೊಟ್ಟವರು ಸೇಲ್ಸ್‌ಮನ್‌ಗಳು. ಪ್ರತಿ ಆರ್ಡರಿಗೂ ಗಂಟೆ ದಾಖಲಾಗುತ್ತದೆ ಎಂದು ತಿಳಿದ ಮೇಲೆ ಒಂದೊಂದೇ ಯಂತ್ರ "ಹಾಳಾಗ"ತೊಡಗಿತು. ಇದು ನಮ್ಮ ಮೇಲೆ ಕಾವಲು ಎಂದು ಒಬ್ಬ ನೇರ ಹೇಳಿದ. ಧಣಿಗಳನ್ನು ಒಪ್ಪಿಸಿ ಗಂಟೆ ತೆಗೆದೆ, ಆ ಜಾಗದಲ್ಲಿ ಅವರವರ ಕಮಿಷನ್ ಕಾಣುವ ಪುಟ ಹಾಕಿದೆ. ಪ್ರತಿ ಆರ್ಡರಿಗೂ ಅಂಕೆ ಏರುತ್ತದೆ. ಮರುವಾರದಿಂದ ಯಂತ್ರ ಹಾಳಾಗುವುದು ನಿಂತಿತು. ಬಾಕಿ ಪರದೆಯಲ್ಲೇ ಇದ್ದುದರಿಂದ "ಲೆಕ್ಕ ಮುಂದಿನ ವಾರ ನೋಡುವ" ಎನ್ನುವ ಅಂಗಡಿಯವರಿಗೂ ಜಾಗ ಉಳಿಯಲಿಲ್ಲ.

2005ರ ಏಪ್ರಿಲ್ 1ಕ್ಕೆ ಕೇರಳದಲ್ಲಿ ವ್ಯಾಟ್, ಅಂದರೆ ಮೌಲ್ಯವರ್ಧಿತ ತೆರಿಗೆ ಬಂತು. ತೆರಿಗೆ ದರ ಕೋಡಿನೊಳಗೆ ಇರಲಿಲ್ಲ, ಐಟಂ ಪಟ್ಟಿಯಲ್ಲಿತ್ತು. ಶೇಕಡಾ 4, 12.5 ಎಂದು ತಿದ್ದಿ ಒಂದೇ ರಾತ್ರಿಯಲ್ಲಿ ನಾಲ್ಕೂ ಯಂತ್ರಕ್ಕೆ ಹಾಕಿದೆ. ಆ ವಾರ ಕುಂಬಳೆ ಪೇಟೆಯಲ್ಲಿ ಎಷ್ಟೋ ಕಡೆ ಕೈಯಲ್ಲೇ ಬಿಲ್ಲು ಬರೆಯುತ್ತಿದ್ದರು. ಆಟಿಕೆ ಎಂದಿದ್ದ ಮಂಗಳೂರಿನ ಗೆಳೆಯನೇ ಇಬ್ಬರು ಗಿರಾಕಿಗಳನ್ನು ಕಳಿಸಿಕೊಟ್ಟ, ಕಮಿಷನ್ನನ್ನೂ ಕೇಳಿದ.

ದುಡ್ಡಿನ ಲೆಕ್ಕ ನೆನಪಿದ್ದ ಹಾಗೆ ಹೇಳುತ್ತೇನೆ. ಸ್ಪೇರ್ ಸೇರಿ ಯಂತ್ರಗಳಿಗೆ ಮೂವತ್ತು ಸಾವಿರದ ಒಳಗೆ, ನನಗೆ ಇಪ್ಪತ್ತೈದು, ಮೂರು ಕಂತಿನಲ್ಲಿ. ತಪ್ಪು ಸರಕು ಹೋಗಿ ವಾಪಸ್ ಬರುವುದೇ ಮೊದಲು ವಾರಕ್ಕೆ ಮೂರು ಸಾವಿರದ ಆಸುಪಾಸು ಇತ್ತು, ಅದು ಕೆಲವು ನೂರಕ್ಕೆ ಇಳಿಯಿತು. ರಾತ್ರಿ ಹತ್ತರವರೆಗೆ ಕೂರುತ್ತಿದ್ದ ಗುಮಾಸ್ತರು ಏಳೂವರೆಯ ಬಸ್ಸು ಹಿಡಿಯುತ್ತಿದ್ದರು. ಮಂಗಳೂರಿನ ಆ ಇಬ್ಬರಿಗೆ ನಲವತ್ತು ಹೇಳಿದೆ, ಚೌಕಾಸಿ ಮಾಡದೆ ಕೊಟ್ಟರು. ಕುಂಬಳೆಯ ಧಣಿಗಳಿಗೆ ಅದನ್ನು ನಾನು ಹೇಳಲಿಲ್ಲ.