ಎರಡು ದಿನ, ಐದು ಊಟ: ಗೆಳತಿ ಜೊತೆ ಊರು ಸುತ್ತುವುದು ಹೇಗೆ?

ಶನಿವಾರ ಬೆಳಿಗ್ಗೆ ತಲುಪಿ ಭಾನುವಾರ ಸಂಜೆ ಹೊರಡುವ ಪ್ರವಾಸ ಅಂದರೆ ಕೈಯಲ್ಲಿರುವುದು ಎರಡು ತಿಂಡಿ, ಎರಡು ಮಧ್ಯಾಹ್ನದ ಊಟ, ಒಂದು ರಾತ್ರಿ ಊಟ. ಒಟ್ಟು ಐದೇ. ಗೆಳತಿಯೂ ನಾನೂ ಮೊದಲ ಸಲ ಹೋದಾಗ ಈ ಲೆಕ್ಕ ಹಾಕಿರಲಿಲ್ಲ. ತಿನ್ನಬೇಕಾದ ಜಾಗ ಹನ್ನೊಂದು, ನೋಡಬೇಕಾದ ಹಳೇ ಪರಿಚಯದವರು ಏಳು ಮಂದಿ ಅಂತ ಪಟ್ಟಿ ಹಿಡಿದು ಹೊರಟಿದ್ದೆವು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಕೈ ಕೊಟ್ಟಿತ್ತು. ನಾವಿಬ್ಬರೇ ಕೂತು ಹತ್ತು ನಿಮಿಷವೂ ಮಾತಾಡಿರಲಿಲ್ಲ.

ಹಾಗಾಗಿ ಮೊದಲು ಒಂದು ಹಾಳೆ ತೆಗೆದುಕೊಂಡು ಐದು ಗೆರೆ ಎಳೆಯಿರಿ. ಗೆರೆಗೊಂದು ಊಟ. ಒಂದರ ಮುಂದೆ ‘ನಾವಿಬ್ಬರೇ’ ಅಂತ ಬರೆದುಬಿಡಿ, ಆಮೇಲೆ ಯಾರು ಎಷ್ಟೇ ಬಲವಂತ ಮಾಡಿದರೂ ಬಿಟ್ಟುಕೊಡಬೇಡಿ. ನನ್ನ ಕೇಳಿದರೆ ಅದು ಭಾನುವಾರದ ತಿಂಡಿಯೇ ಆಗಲಿ. ಹಿಂದಿನ ದಿನ ಸಿಕ್ಕವರಲ್ಲಿ ಯಾರು ಬದಲಾಗಿದ್ದಾರೆ, ಯಾರು ಸುಮ್ನೆ ಬಡಾಯಿ ಕೊಚ್ಚಿದರು ಅಂತ ಮಾತಾಡಿಕೊಳ್ಳಲು ಅದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ.

ಇನ್ನು ಮೂರು ಊಟಕ್ಕೆ ಜನರನ್ನು ಕರೆಯಿರಿ, ಆದರೆ ಮೇಜಿಗೆ ನಾಲ್ವರೇ: ನೀವಿಬ್ಬರು, ಬರುವವರು ಇಬ್ಬರು. ಐದನೆಯವರು ಕೂತ ಕೂಡಲೇ ಮಾತು ಎರಡಾಗಿ ಒಡೆಯುತ್ತದೆ, ಗಮನಿಸಿದ್ದೀರಲ್ವಾ? ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಮತ್ತು ಜೊತೆಗಾರರು ಹರಟೆ ಹೊಡೆಯುವ ಗುಂಪುಗಳನ್ನು ನೋಡಿ 1995ರಲ್ಲೇ ಇದನ್ನು ಬರೆದಿದ್ದಾರೆ, ಒಂದೇ ಮಾತುಕತೆಯಲ್ಲಿ ನಿಲ್ಲುವುದು ಸುಮಾರು ನಾಲ್ಕು ಜನ ಅಂತ. ತುಂಬಾ ವರ್ಷ ನೋಡದವರಿಗೆ ಮಾತ್ರ ಊಟ ಬೇಡ, ಸಂಜೆ ನಾಲ್ಕರ ಕಾಫಿ ಸಾಕು. ಮಾತು ಹತ್ತದಿದ್ದರೆ ಅರ್ಧ ಗಂಟೆಯಲ್ಲಿ ಎದ್ದು ಬರಬಹುದು. ಹತ್ತಿದರೆ ಅದೇ ರಾತ್ರಿ ಊಟದವರೆಗೂ ಎಳೆಯುತ್ತದೆ, ಏನೂ ಹೇಳಬೇಕಾಗಿಲ್ಲ. ಎಲ್ಲಿ ಸೇರುವುದು ಅಂತ ನೀವೇ ಹೇಳಿ. ಅವರಿಗೆ ಬಿಟ್ಟರೆ ಮನೆಗೇ ಕರೆಯುತ್ತಾರೆ, ಪ್ರೀತಿಯಿಂದಲೇ, ಆದರೆ ಅರ್ಧ ದಿನ ಅಲ್ಲೇ ಹೋಗುತ್ತದೆ. ಗಲಾಟೆ ಇರುವ ಜಾಗವೂ ಬೇಡ. ಕಿರುಚಿಕೊಂಡು ಹಳೇ ನೆನಪು ತೆಗೆಯಲು ಆಗುತ್ತದಾ?

ತಿನ್ನುವ ವಿಷಯಕ್ಕೆ ಬಂದರೆ, ಇಬ್ಬರಿರುವುದೇ ಲಾಭ. ಒಂದು ಪ್ಲೇಟು ತರಿಸಿ, ಅರ್ಧ ಅರ್ಧ ತಿನ್ನಿ, ಸ್ವಲ್ಪ ಹೊತ್ತು ಸುಮ್ಮನಿರಿ. ಸಾಕು ಅನ್ನುವ ಸುದ್ದಿ ಹೊಟ್ಟೆಯಿಂದ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಅಷ್ಟರಲ್ಲಿ ಎರಡನೇ ಪ್ಲೇಟು ಹೇಳಿದರೆ ಕೆಟ್ಟಿರಿ. ಇನ್ನೊಂದು ಮೋಸವೂ ಇದೆ. ಒಂದೇ ರುಚಿ ತಿನ್ನುತ್ತಾ ಹೋದರೆ ಬೇಜಾರಾಗುತ್ತದೆ, ಹೊಸ ರುಚಿ ಎದುರಿಗೆ ಬಂದರೆ ಹಸಿವು ಮತ್ತೆ ಎದ್ದು ಕೂರುತ್ತದೆ. ಹೊಟ್ಟೆ ಬಿರಿಯುವಷ್ಟು ಉಂಡ ಮೇಲೂ ಸಿಹಿಗೆ ಜಾಗ ಇರುವುದು ಇದಕ್ಕೇ. ತಿನ್ನಲೆಂದೇ ಹೋದ ಊರಿನಲ್ಲಂತೂ ಎದುರಿಗೆ ಬರುವುದೆಲ್ಲ ಹೊಸ ರುಚಿಯೇ, ಹಾಗಾಗಿ ಹಸಿವನ್ನು ನಂಬದೆ ಗಡಿಯಾರ ನೋಡಿ. ಗಟ್ಟಿ ಊಟ ಹೊಟ್ಟೆಯಿಂದ ಖಾಲಿಯಾಗಲು ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ನಡೆಯಿರಿ. ಅಕ್ಕಪಕ್ಕ ನಡೆಯುವಾಗ ಬರುವ ಮಾತು ಎದುರುಬದುರು ಕೂತಾಗ ಬರುವುದಿಲ್ಲ.

ಹೊರಡುವ ಮುಂಚೆ ಎಲ್ಲ ಜಾಗಕ್ಕೂ ಫೋನ್ ಮಾಡಿ ವಾರದ ರಜೆ ಯಾವತ್ತು ಅಂತ ಕೇಳಿ. ಬಿಲ್ಲನ್ನೆಲ್ಲ ಒಬ್ಬರೇ ಕೊಟ್ಟು ಫೋನಿನಲ್ಲಿ ಬರೆದಿಟ್ಟು, ವಾಪಸ್ ಬರುವ ದಾರಿಯಲ್ಲೇ ಲೆಕ್ಕ ಚುಕ್ತಾ ಮಾಡಿ. ‘ಆಮೇಲೆ ನೋಡೋಣ’ ಅಂದರೆ ಒಬ್ಬರ ಮನಸ್ಸಿನಲ್ಲಿ ಅದು ಉಳಿದೇ ಉಳಿಯುತ್ತದೆ. ದಾರಿಗೆ ಪಾರ್ಸಲ್ ಕಟ್ಟಿಸಿಕೊಂಡರೆ ಬೇಗ ತಿಂದು ಮುಗಿಸಿ. ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬೇಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಐದನೇ ಗೆರೆ, ಅಂದರೆ ಭಾನುವಾರ ಮಧ್ಯಾಹ್ನದ್ದು, ಖಾಲಿ ಇರಲಿ. ಶನಿವಾರ ಸಿಕ್ಕವರಲ್ಲಿ ಯಾರಾದರೊಬ್ಬರು ‘ಅಯ್ಯೋ, ಅಲ್ಲಿಗೆ ಹೋಗಲೇ ಇಲ್ವಾ?’ ಅಂತ ಒಂದು ಹೆಸರು ಹೇಳೇ ಹೇಳುತ್ತಾರೆ.