ಡಿಕ್ಕಿ ಲಾಕ್ ಕೈಕೊಟ್ಟಿತೇ? ಪತ್ತೆ ಮೊದಲು, ಸ್ಪ್ಯಾನರ್ ಆಮೇಲೆ

ಕಾರಿನ ಡಿಕ್ಕಿ ತೆರೆಯದಿದ್ದರೆ ಹೆಚ್ಚಿನವರು ಲಾಕಿನೊಳಗೆ ಸ್ಪ್ರೇ ಹೊಡೆಯುತ್ತಾರೆ. ಅದೂ ಕೆಲಸ ಮಾಡದಿದ್ದರೆ ಹೊಸ ಲಾಕ್ ತಂದು ಕೂರಿಸುತ್ತಾರೆ. ಹೊಸ ಲಾಕ್ ಹಾಕಿದ ಮೇಲೂ ಡಿಕ್ಕಿ ಜಪ್ಪಯ್ಯ ಅನ್ನದಿದ್ದಾಗಲೇ ದೋಷ ಬೇರೆಲ್ಲೋ ಇದೆ ಎಂದು ಗೊತ್ತಾಗುವುದು. ಹತ್ತು ನಿಮಿಷದ ಪರೀಕ್ಷೆ ಈ ದಂಡದ ಖರ್ಚನ್ನು ಉಳಿಸುತ್ತದೆ.

ಡಿಕ್ಕಿ ಮುಚ್ಚಿಕೊಂಡೇ ಇದ್ದರೆ ಹಿಂದಿನ ಸೀಟು ಮಡಚಿ ಒಳಗಿನಿಂದ ತಲುಪಿ. ಹ್ಯಾಚ್‌ಬ್ಯಾಕ್‌ಗಳಲ್ಲಿ ಬಾಗಿಲ ಒಳಹೊದಿಕೆಯ ಕೆಳಗೆ, ನಡುಮಧ್ಯದಲ್ಲಿ ಚಿಕ್ಕ ಮುಚ್ಚಳವೋ ಸೀಳೋ ಇರುವುದು ಸಾಮಾನ್ಯ. ಅದರೊಳಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಲ್ಯಾಚಿನ (ಬಾಗಿಲನ್ನು ಕೊಕ್ಕೆಯಿಂದ ಹಿಡಿದಿಡುವ ಭಾಗ) ಸನ್ನೆಯನ್ನು ಪಕ್ಕಕ್ಕೆ ತಳ್ಳಿ. ಯಾವ ಪಕ್ಕಕ್ಕೆ ಎಂಬುದು ಕಾರಿನ ಕೈಪಿಡಿಯಲ್ಲಿ ಇರುತ್ತದೆ.

ದೋಷ ಎಲ್ಲಿದೆ?

ಡಿಕ್ಕಿ ಬಾಗಿಲು ತೆರೆದೇ ಇರಲಿ. ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ರಾಡ್ ಸೋತಿದ್ದರೆ ಕೋಲು ಊರಿ ನಿಲ್ಲಿಸಿ. ತಲೆ ಒಳಗಿಟ್ಟು ಮಾಡುವ ಕೆಲಸವಿದು. ಲ್ಯಾಚಿನ ಬಾಯಿಯಲ್ಲಿ ತಿರುಗುವ ಕೊಕ್ಕೆಯೊಂದು ಕಾಣುತ್ತದೆ. ಸ್ಕ್ರೂಡ್ರೈವರ್ ದಂಡದಿಂದ ಅದನ್ನು ಒತ್ತಿ: ‘ಟಕ್ ಟಕ್’ ಎಂದು ಎರಡು ಹಂತದಲ್ಲಿ ಕೂತರೆ ಲಾಕ್ ಆಯಿತು. ಈಗ ಸ್ವಿಚ್ ಒತ್ತಿ, ಇಲ್ಲವೇ ಡ್ರೈವರ್ ಸೀಟಿನ ಪಕ್ಕದ ಲಿವರ್ ಎಳೆಯಿರಿ.

ಕೊಕ್ಕೆ ಚಟ್ಟನೆ ಬಿಟ್ಟುಕೊಂಡರೆ ಲ್ಯಾಚ್ ಸರಿಯಿದೆ, ತೊಂದರೆ ಜೋಡಣೆಯದ್ದು: ಬಾಗಿಲು ಮುಚ್ಚಿದಾಗ ಕೊಕ್ಕೆ ಹಿಡಿಯಬೇಕಾದ ಎದುರಿನ ಕೊಂಡಿಗೆ ಅದು ನೇರವಾಗಿ ಕೂರುತ್ತಿಲ್ಲ. ಲ್ಯಾಚಿನ ಮೋಟರ್ ಸದ್ದು ಮಾಡಿಯೂ ಕೊಕ್ಕೆ ಬಿಡದಿದ್ದರೆ ಹೆಚ್ಚಾಗಿ ಒಳಗೆ ಜಿಡ್ಡುಗಟ್ಟಿರುತ್ತದೆ. ಸದ್ದೇ ಇಲ್ಲದಿದ್ದರೆ ಹೆಚ್ಚಾಗಿ ಕರೆಂಟ್ ಬರುತ್ತಿರುವುದಿಲ್ಲ. ಲಿವರ್ ಸಡಿಲವಾಗಿ ಪೂರ್ತಿ ಮೇಲೆ ಬಂದರೆ ಕೇಬಲ್ ತುಂಡಾಗಿದೆ ಅಥವಾ ಅದರ ಹೊರಕವಚ ಬ್ರಾಕೆಟ್ಟಿನಿಂದ ಜಾರಿದೆ. ಎಳೆ ಬಿಚ್ಚಿಕೊಂಡ ಕೇಬಲ್ಲನ್ನು ಬದಲಾಯಿಸಿ, ಗಂಟು ಹಾಕಬೇಡಿ.

ಕೊಕ್ಕೆ ಲಾಕ್ ಆಗಿರುವಾಗ ಅಪ್ಪಿತಪ್ಪಿಯೂ ಬಾಗಿಲು ಹಾಕಬಾರದು. ಕೊಂಡಿಗೆ ಬಡಿದು ಎರಡೂ ಬಾಗುತ್ತವೆ.

ಜಿಡ್ಡು, ಜೋಡಣೆ

ಲ್ಯಾಚ್ ಬಿಚ್ಚುವ ಮುನ್ನ ಅದರ ಸುತ್ತ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಸಾಮಾನ್ಯವಾಗಿ 10 ಮಿ.ಮೀ. ತಲೆಯ ಎರಡು ಮೂರು ಬೋಲ್ಟ್ ಇರುತ್ತವೆ. ಬ್ರೇಕ್ ಕ್ಲೀನರ್ ಮತ್ತು ಹಳೆಯ ಟೂತ್‌ಬ್ರಷ್‌ನಿಂದ ಗಟ್ಟಿಯಾದ ಗ್ರೀಸ್ ಕೆರೆದು ತೆಗೆಯಿರಿ, ಮೋಟರ್ ಮತ್ತು ಪ್ಲಗ್ ಇರುವ ಭಾಗಕ್ಕೆ ದ್ರವ ಸೋಕದಿರಲಿ. ಒಣಗಿದ ಮೇಲೆ ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ತುಕ್ಕು ಬಿಡಿಸುವ ಸ್ಪ್ರೇ ಗ್ರೀಸ್ ಅಲ್ಲ. ಅದು ಇದ್ದ ಗ್ರೀಸನ್ನೂ ತೊಳೆದು ಹಾಕಿ ತಾನೂ ಆರಿಹೋಗುತ್ತದೆ. ಕೀಲಿ ತೂತಿಗೆ ಗ್ರಾಫೈಟ್ ಪುಡಿ ಮಾತ್ರ.

ಬಾಗಿಲು ಕೂರದಿದ್ದರೆ ಕೊಂಡಿಯ ಬೋಲ್ಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಒಂದೊಂದೇ ಮಿಲಿಮೀಟರ್ ಸರಿಸಿ ನೋಡಿ. ಅದಕ್ಕೂ ಮೊದಲು ಅಂಚಿನ ರಬ್ಬರ್ ಬುಡ್ಡೆಗಳನ್ನು ಗಮನಿಸಿ. ಅವು ತಿರುಗಿ ಹೊರಬಂದಿದ್ದರೆ ಒಳಕ್ಕೆ ತಿರುಗಿಸುವುದರಲ್ಲೇ ಕೆಲಸ ಮುಗಿಯುತ್ತದೆ.

ಸದ್ದೇ ಇಲ್ಲದಿದ್ದರೆ

ಹೆಚ್ಚು ಜನ ಎಡವುವುದು ಇಲ್ಲಿ. ಮೊದಲು ಫ್ಯೂಸ್ ನೋಡಿ. ನಂತರ ನಂಬರ್ ಪ್ಲೇಟ್ ಮೇಲಿನ ಸ್ವಿಚ್. ಅದರ ರಬ್ಬರ್ ಬಿರುಕು ಬಿಟ್ಟು ನೀರು ಇಳಿದಿದ್ದರೆ ಸ್ವಿಚ್ಚನ್ನೇ ಬದಲಿಸಿ. ಎರಡೂ ಸರಿಯಿದ್ದರೆ ಗುಮಾನಿ ನೇರವಾಗಿ ಹೋಗಬೇಕಾದ್ದು ಕೀಲಿನ ಬಳಿ ಕಾರಿನ ಬಾಡಿಯಿಂದ ಬಾಗಿಲಿಗೆ ಹೋಗುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯತ್ತ. ಬಾಗಿಲು ತೆರೆದು ಮುಚ್ಚುವಾಗಲೆಲ್ಲ ಅದರೊಳಗಿನ ವೈರುಗಳು ಮಡಚಿಕೊಳ್ಳುತ್ತವೆ, ವರ್ಷಗಳು ಕಳೆದಂತೆ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹಿಂದಿನ ವೈಪರ್, ನಂಬರ್ ಪ್ಲೇಟ್ ದೀಪ ಕೂಡ ಆಗಾಗ ಕೈಕೊಡುತ್ತಿದ್ದರೆ ಅನುಮಾನವೇ ಬೇಡ.

ಬ್ಯಾಟರಿಯ ನೆಗೆಟಿವ್ ತೆಗೆದು ಕೊಳವೆಯ ಎರಡೂ ತುದಿ ಬಿಡಿಸಿ. ವೈರಿನ ಪ್ಲಾಸ್ಟಿಕ್ ಕವಚ ಒಡೆಯದೆ ಒಳಗಿನ ತಾಮ್ರ ಮಾತ್ರ ತುಂಡಾಗಿರುವುದುಂಟು, ಕಣ್ಣಿಗೆ ಕಾಣುವುದಿಲ್ಲ. ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿ ವೈರು ಜಗ್ಗುವುದಿಲ್ಲ. ತುಂಡಾದದ್ದು ಆ ಜಾಗದಲ್ಲಿ ಮೆತ್ತಗೆ ಹಿಗ್ಗುತ್ತದೆ, ಬಗ್ಗಿಸಿದರೆ ಖಾಲಿ ಕೊಳವೆಯಂತೆ ಮಡಚಿಕೊಳ್ಳುತ್ತದೆ.

ತುಂಡಾದ ಜಾಗದಲ್ಲೇ ಎರಡು ತುದಿ ಹೊಸೆದು ಟೇಪ್ ಸುತ್ತಬೇಡಿ. ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ಕವಚವಿಲ್ಲದ ವೈರು ಪಕ್ಕದ್ದಕ್ಕೆ ತಾಗಿ ಫ್ಯೂಸ್ ಹೋಗುತ್ತದೆ. ಅಲ್ಲೇ ಬೆಸುಗೆ ಹಾಕಿದರೂ ಬಾಳಿಕೆ ಬಾರದು: ಬೆಸುಗೆ ಹಿಡಿದ ಭಾಗ ಸೆಟೆದುಕೊಳ್ಳುವುದರಿಂದ ಮಡಿಕೆಯ ಭಾರವೆಲ್ಲ ಅದರ ಅಂಚಿಗೆ ಬಿದ್ದು ಅಲ್ಲಿ ಮತ್ತೆ ತುಂಡಾಗುತ್ತದೆ. ಆದ್ದರಿಂದ ಮಡಚುವ ಭಾಗದ ಹಳೆಯ ವೈರನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ಬಾಗಿಲು ಪೂರ್ಣ ತೆರೆದಾಗಿನ ಉದ್ದಕ್ಕಿಂತ ಮೂರು ನಾಲ್ಕು ಸೆಂ.ಮೀ. ಹೆಚ್ಚಿಗೆ ಹೊಸ ತುಂಡು ಸೇರಿಸಿ. ಎರಡೂ ಬೆಸುಗೆ ಕೊಳವೆಯ ಹೊರಗೆ, ಅಲುಗಾಡದ ಜಾಗದಲ್ಲಿ ಬರಬೇಕು. ಸಿಲಿಕೋನ್ ಕವಚದ, ನವಿರಾದ ಹಲವು ಎಳೆಗಳ ವೈರೇ ಆಗಬೇಕು. ಮನೆ ವೈರಿಂಗಿನ ಒಂಟಿ ತಂತಿ ಇಲ್ಲಿಗೆ ಸಲ್ಲದು. ದಪ್ಪ ಹಳೆಯದಕ್ಕಿಂತ ಕಡಿಮೆ ಇರಬಾರದು. ಹಿಂದಿನ ಗಾಜಿನ ಮಂಜು ಬಿಡಿಸುವ ವೈರು ಮತ್ತು ಅರ್ಥ್ ವೈರಿಗೆ ಇದು ಇನ್ನೂ ಮುಖ್ಯ.

ಒಂದು ವೈರು ಮುಗಿಸಿಯೇ ಇನ್ನೊಂದನ್ನು ಕತ್ತರಿಸಿ, ಬಣ್ಣ ಅದಲುಬದಲಾಗುವುದಿಲ್ಲ. ಬೆಸೆಯುವ ಮುಂಚೆಯೇ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಕವಚ) ತೂರಿಸಿಡಿ. ಬೆಸುಗೆಗಳೆಲ್ಲ ಒಂದೇ ಕಡೆ ಗುಡ್ಡೆಯಾಗದಂತೆ ಎರಡೆರಡು ಸೆಂ.ಮೀ. ಹಿಂದುಮುಂದಾಗಿರಲಿ. ಒಂದು ತುಂಡಾಗಿದೆ ಎಂದರೆ ಉಳಿದವೂ ಅಷ್ಟೇ ಸವೆದಿರುತ್ತವೆ, ಎಲ್ಲವನ್ನೂ ಒಂದಾದ ಮೇಲೊಂದರಂತೆ ಇದೇ ಸಲ ಬದಲಿಸಿಬಿಡಿ. ಕೊಳವೆಯೊಳಗೆ ವೈರುಗಳನ್ನು ಟೇಪಿನಿಂದ ಕಟ್ಟಬೇಡಿ, ಒಂದರ ಮೇಲೊಂದು ಸರಿದಾಡಲು ಬಿಡಿ. ಕೊಳವೆಯ ತುದಿಗೆ ಸಾಬೂನು ನೀರು ಸವರಿದರೆ ಸಲೀಸಾಗಿ ಕೂರುತ್ತದೆ. ಅಂಚು ಪೂರ್ತಿ ಕೂರದಿದ್ದರೆ ಮಳೆನೀರು ಒಳಗಿಳಿಯುತ್ತದೆ. ಕೊಳವೆಯಾಚೆಯ ವೈರು ತಲುಪಲು ಚಾವಣಿಯ ಹೊದಿಕೆ ಇಳಿಸುವಾಗ ಹಳದಿ ಪ್ಲಗ್‌ಗಳಿಗೆ ಕೈ ಹಚ್ಚಬೇಡಿ, ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು.

ಬ್ಯಾಟರಿ ಜೋಡಿಸಿ, ಬಾಗಿಲು ತೆರೆದಿಟ್ಟೇ ಸ್ಕ್ರೂಡ್ರೈವರ್ ಪರೀಕ್ಷೆಯನ್ನು ಐದಾರು ಸಲ ಮಾಡಿ. ಪ್ರತಿ ಸಲವೂ ಕೊಕ್ಕೆ ಬಿಟ್ಟುಕೊಂಡರೆ ಮಾತ್ರ ಬಾಗಿಲು ಹಾಕಿ. ಕೀಲಿ ಕೈಯಲ್ಲಿರಲಿ, ಹಿಂದಿನ ಸೀಟು ಮಡಚಿಯೇ ಇರಲಿ. ಮುಚ್ಚಿದ ಮೇಲೂ ಡಿಕ್ಕಿ ತೆರೆದಿದೆ ಎಂಬ ದೀಪ ಡ್ಯಾಶ್‌ಬೋರ್ಡಿನಲ್ಲಿ ಆರದಿದ್ದರೆ ಲ್ಯಾಚಿನೊಳಗಿನ ಚಿಕ್ಕ ಸ್ವಿಚ್ಚನ್ನು ಪರೀಕ್ಷಿಸಿ. ಅದು ಹೋಗಿದ್ದು, ಬಿಡಿಯಾಗಿ ಸಿಗದಿದ್ದರೆ ಆಗ ಹೊಸ ಲ್ಯಾಚ್ ತನ್ನಿ.