10 ಸೆಂಟಿನ ಸೂಪರ್‌ಫೆಕ್ಟಾ: ಟಿಕೆಟ್ ತೆಗೆಯುವ ಮುಂಚೆ ಲೆಕ್ಕ ಹಾಕುವುದು ಹೇಗೆ?

ಕುದುರೆ ರೇಸಿನಲ್ಲಿ ಬೆಟ್ ಕಟ್ಟುವಾಗ, ಮೊದಲು ಬರುವ ಎರಡು ಕುದುರೆಗಳನ್ನು ಸರಿಯಾದ ಕ್ರಮದಲ್ಲಿ ಹೇಳಿದರೆ ಎಕ್ಸಾಕ್ಟಾ. ಮೂರಾದರೆ ಟ್ರೈಫೆಕ್ಟಾ, ನಾಲ್ಕಾದರೆ ಸೂಪರ್‌ಫೆಕ್ಟಾ. ಒಟ್ಟಾಗಿ ಇವನ್ನು ಎಕ್ಸಾಟಿಕ್ ಬೆಟ್ ಎನ್ನುತ್ತಾರೆ. ಅಮೆರಿಕದ ಎಷ್ಟೋ ಟ್ರ್ಯಾಕ್‌ಗಳಲ್ಲಿ ಟ್ರೈಫೆಕ್ಟಾ 50 ಸೆಂಟಿಗೆ, ಸೂಪರ್‌ಫೆಕ್ಟಾ 10 ಸೆಂಟಿಗೆ ಸಿಗುತ್ತದೆ. ಅಗ್ಗ ಅಲ್ವಾ? ಎಡವುವುದು ಅಲ್ಲೇ. ಆ 10 ಸೆಂಟ್ ಒಂದೇ ಒಂದು ಕ್ರಮದ ಬೆಲೆ. ಒಂದು ಟಿಕೆಟ್ಟಿನೊಳಗೆ ಅಂಥ ನೂರಾರು ಕ್ರಮ ಕೂತಿರಬಹುದು.

ಮೊದಲು ಇಡೀ ದಿನಕ್ಕೆ ಎಷ್ಟು ಹಣ ಎಂದು ಗಟ್ಟಿ ಮಾಡಿಕೊಳ್ಳಿ. ಹೋದರೂ ಮನೆಗೆ ತೊಂದರೆಯಾಗದಷ್ಟೇ ಇರಲಿ.

ಆಮೇಲೆ ಗುಣಾಕಾರ. ಆರಿಸಿದ ಕುದುರೆಗಳು ಯಾವ ಕ್ರಮದಲ್ಲಿ ಬಂದರೂ ಸರಿ ಎನ್ನುವುದು ‘ಬಾಕ್ಸ್’. ಸೂಪರ್‌ಫೆಕ್ಟಾದಲ್ಲಿ 4 ಕುದುರೆಗಳ ಬಾಕ್ಸ್ ಎಂದರೆ 4×3×2×1, ಒಟ್ಟು 24 ಕ್ರಮ. ಖರ್ಚು 2.40 ಡಾಲರ್. ಇನ್ನೊಂದು ಕುದುರೆ ಸೇರಿಸಿದರೆ 5×4×3×2, ಅಂದರೆ 120 ಕ್ರಮ, 12 ಡಾಲರ್. ಆರಾದರೆ 36 ಡಾಲರ್! ‘ಇದೂ ಒಂದಿರಲಿ’ ಎಂದು ಸುಮ್ನೆ ಸೇರಿಸಿದ ಕುದುರೆಯೇ ಜೇಬು ಖಾಲಿ ಮಾಡುವುದು. ಇಷ್ಟು ಕ್ರಮಗಳಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಒಂದೇ.

ನಾಯಿ ರೇಸಿಗೂ ಇದೇ ಲೆಕ್ಕ. ಅಮೆರಿಕದಲ್ಲಿ ಗ್ರೇಹೌಂಡ್ ರೇಸ್ ಈಗ ವೆಸ್ಟ್ ವರ್ಜೀನಿಯಾದಲ್ಲಷ್ಟೇ ಉಳಿದಿದೆ. ಸಾಮಾನ್ಯವಾಗಿ 8 ನಾಯಿಗಳು ಓಡುತ್ತವೆ. ಎಂಟನ್ನೂ ಸೂಪರ್‌ಫೆಕ್ಟಾ ಬಾಕ್ಸ್‌ಗೆ ಹಾಕಿದರೆ 1,680 ಕ್ರಮ, 10 ಸೆಂಟಿನಂತೆ 168 ಡಾಲರ್.

ಬಾಕ್ಸ್‌ಗಿಂತ ‘ಕೀ’ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾಕ್ಸ್‌ನಲ್ಲಿ ನಿಮ್ಮ ನೆಚ್ಚಿನ ಕುದುರೆಗೂ ಅರೆಮನಸ್ಸಿನಿಂದ ಸೇರಿಸಿದ್ದಕ್ಕೂ ಹಣ ಸಮಸಮ ಹೋಗುತ್ತದೆ. ಕೀ ಟಿಕೆಟ್ಟಿನಲ್ಲಿ ನಂಬಿಕೆಯ ಒಂದು ಕುದುರೆಯನ್ನು ಮೊದಲ ಸ್ಥಾನಕ್ಕೆ ನಿಲ್ಲಿಸಿ, ಉಳಿದ ಸ್ಥಾನಗಳಿಗೆ ಬೇರೆಯವನ್ನು ಹಂಚುತ್ತೀರಿ. ಟ್ರೈಫೆಕ್ಟಾದಲ್ಲಿ ಒಂದರ ಕೆಳಗೆ 4 ಕುದುರೆ ಇಟ್ಟರೆ 4×3, ಬರೀ 12 ಕ್ರಮ. 50 ಸೆಂಟಿನಂತೆ 6 ಡಾಲರ್. ಅದೇ ಐದನ್ನು ಬಾಕ್ಸ್ ಮಾಡಿದರೆ 60 ಕ್ರಮ, 30 ಡಾಲರ್. ಆದರೆ ನೆನಪಿರಲಿ, ಕೀ ಕುದುರೆ ಕೂದಲೆಳೆಯಲ್ಲಿ ಎರಡನೆಯದಾದರೂ ಟಿಕೆಟ್ ಪೂರ್ತಿ ಹೋಯಿತು. ನಂಬಿಕೆಯ ಕುದುರೆ ಯಾವುದೂ ಇಲ್ಲದಿದ್ದರೆ ಆ ರೇಸನ್ನೇ ಬಿಟ್ಟುಬಿಡಿ.

ಗೆದ್ದಾಗ ಸಿಗುವುದೆಷ್ಟು? ಎಲ್ಲರ ಹಣವೂ ಒಂದೇ ಪೂಲ್‌ಗೆ ಬೀಳುತ್ತದೆ. ಅದರಿಂದ ಮೊದಲು ಟ್ರ್ಯಾಕ್‌ನ ಪಾಲು ಕಳೆಯುತ್ತಾರೆ. ಎಕ್ಸಾಟಿಕ್ ಬೆಟ್‌ಗಳಲ್ಲಿ ಅದು ಹಲವು ಕಡೆ ಶೇಕಡ 20ರಿಂದ 25. ಗೆಲ್ಲುವ ಕುದುರೆಯ ಮೇಲಿನ ಸರಳ ಬೆಟ್‌ಗಿಂತ ಜಾಸ್ತಿ. ನೀವು ಕಡಿಮೆ ಕಟ್ಟಿದರೆ ಈ ಶೇಕಡಾವಾರು ಇಳಿಯುವುದಿಲ್ಲ. ಬಹುಮಾನ ಮಾತ್ರ ನಿಮ್ಮ ಪಣಕ್ಕೆ ತಕ್ಕಂತೆ ಇಳಿಯುತ್ತದೆ. ಬೋರ್ಡಿನಲ್ಲಿ 1 ಡಾಲರಿಗೆ 1,200 ಎಂದಿದ್ದರೆ 10 ಸೆಂಟಿಗೆ ಸಿಗುವುದು 120.

ಕೌಂಟರ್‌ನಲ್ಲಿ ಟ್ರ್ಯಾಕ್, ರೇಸ್ ನಂಬರ್, ಪಣ, ಬೆಟ್‌ನ ಹೆಸರು, ಕೊನೆಗೆ ಕುದುರೆ ನಂಬರುಗಳು, ಈ ಕ್ರಮದಲ್ಲಿ ಹೇಳಿ. ಟ್ರ್ಯಾಕ್‌ನ ಹೆಸರಾದ ಮೇಲೆ: ‘ಐದನೇ ರೇಸ್, 50 ಸೆಂಟ್, ಟ್ರೈಫೆಕ್ಟಾ ಕೀ, 4ರ ಕೆಳಗೆ 1, 2, 6, 7.’ ಪಕ್ಕಕ್ಕೆ ಸರಿಯುವ ಮುಂಚೆ ಟಿಕೆಟ್ ಓದಿ. ನೀವು ಹಾಕಿದ ಲೆಕ್ಕಕ್ಕೂ ಅಲ್ಲಿ ಅಚ್ಚಾದ ಮೊತ್ತಕ್ಕೂ ತಾಳೆಯಾಗದಿದ್ದರೆ ಅಲ್ಲೇ ಬದಲಿಸಿಕೊಳ್ಳಿ. ಓಟ ಶುರುವಾಗುವ ಗೇಟ್ ತೆರೆದ ಮೇಲೆ ಏನೂ ಮಾಡಲಾಗದು.